ತೋಟಗಾರಿಕೆ ಪ್ರಶ್ನೋತ್ತರ: ಕಲಾಂಚೋ ಗಿಡದಲ್ಲಿ ಹೊಸ ತಳಿ

ಈ ತಿಂಗಳು ಬೆಂಗಳೂರಿನ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾಲ್ಕನಿಯಲ್ಲಿಯೂ ಕಿಟಕಿಯ ಅಂಚಿನಲ್ಲಿಯೂ ಬೆಳೆಯುವ ಕಲಾಂಚೋ ಗಿಡವನ್ನು ಕುರಿತವು. ಅದರಲ್ಲಿಯೂ ಅದರಿಂದ ತಮ್ಮದೇ ಆದ ಹೊಸ ತಳಿಯನ್ನು ಪಡೆಯುವ ಬಗೆಯನ್ನು ಹಲವರು ಕೇಳಿರುವುದರಿಂದ, ಅಂಥ ಪ್ರಶ್ನೆಗಳಿಗೇ ಈ ಸಲದ ಪುಟಗಳನ್ನು ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಒಂಟಿ ಸುತ್ತಿನ ಕೆಂಪು ಕಲಾಂಚೋ ಮತ್ತು ನರ್ಸರಿಯವರು ‘ಡಬಲ್’ ಎನ್ನುವ ಬಹುದಳದ ಬಿಳಿ ಕಲಾಂಚೋ ಇವೆ. ಬಹುದಳದ ಗುಲಾಬಿ ಬಣ್ಣದ ಹೂ ಬೇಕೆಂದು ಎರಡನ್ನೂ ಸಂಕರಿಸಿ ಬೀಜ ಪಡೆದೆ. ಬೆಳೆದ 20 ಗಿಡಗಳಲ್ಲಿ ಒಂದರಲ್ಲಿಯೂ ಬಹುದಳದ ಹೂ ಬರಲಿಲ್ಲ; ಬಣ್ಣವೂ ಒಂದೊಂದರದು ಒಂದೊಂದು ಬಗೆ. ನನ್ನ ಪ್ರಯತ್ನ ವ್ಯರ್ಥವಾಯಿತೇ?
— ಓದುಗರು, ರಾಜಾಜಿನಗರ

ಉತ್ತರ: ಖಂಡಿತ ಇಲ್ಲ. ನಿಮ್ಮ ಕೈಯಲ್ಲಿರುವುದು ಹೊಸ ತಳಿಯ ಮೊದಲ ಹಂತ. ಅದನ್ನು ನೀವು ಸರಿಯಾಗಿಯೇ ದಾಟಿದ್ದೀರಿ. ಪರಾಗವನ್ನು ಒಂದು ಹೂವಿನಿಂದ ಇನ್ನೊಂದಕ್ಕೆ ಒಯ್ಯುವುದು ಒಂದು ಬೆಳಗಿನ ಕೆಲಸ. ತಳಿ ರೂಪುಗೊಳ್ಳುವುದು ಅದಾದ ಮೇಲೆ ನಡೆಯುವ ಆಯ್ಕೆಯಲ್ಲಿ, ಮತ್ತು ಆಯ್ಕೆಗೆ ಬೇಕಾಗುವುದು ಸಾಕಷ್ಟು ಗಿಡಗಳು, ಸ್ಪಷ್ಟವಾದ ದಾಖಲೆ ಹಾಗೂ ಬೇಡವಾದದ್ದನ್ನು ಬಿಡುವ ಮನಸ್ಸು.

ಮೊದಲು ಬಣ್ಣಗಳ ವಿಷಯ. ನಾವು ಅಂಗಡಿಯಲ್ಲಿ ಕೊಳ್ಳುವ ಕಲಾಂಚೋ ಗಿಡಗಳನ್ನು ಬೆಳೆಗಾರರು ಕಾಂಡದ ತುಂಡುಗಳಿಂದ ವೃದ್ಧಿಸುತ್ತಾರೆ. ಆದ್ದರಿಂದ ಒಂದು ಹೆಸರಿನ ಗಿಡಗಳೆಲ್ಲ ಒಂದೇ ತೆರನಾಗಿರುತ್ತವೆ. ಆದರೆ ಅವುಗಳ ಒಳಗಿನ ವಂಶವಾಹಿಗಳು ಬಲು ಬೆರಕೆಯವು. ಕಲಾಂಚೋ ಬ್ಲಾಸ್‌ಫೆಲ್ಡಿಯಾನ ಎಂಬ ಈ ಸಸ್ಯದ ತವರು ಮಡಗಾಸ್ಕರ್. 1930ರ ದಶಕದ ಆರಂಭದಲ್ಲಿ ಅದನ್ನು ಜರ್ಮನಿಯಲ್ಲಿ ಬಳಕೆಗೆ ತಂದವರು ಪಾಟ್ಸ್‌ಡ್ಯಾಮ್‌ನ ರಾಬರ್ಟ್ ಬ್ಲಾಸ್‌ಫೆಲ್ಡ್, ಅದರ ಪ್ರಭೇದದ ಹೆಸರು ಅವರಿಂದಲೇ ಬಂದದ್ದು. ಮೂಲದಲ್ಲಿ ಕೆಂಪು ಹೂವಿನ ಗಿಡವಾಗಿದ್ದ ಇದನ್ನು ಕಲಾಂಚೋ ಫ್ಲಾಮಿಯಾ, ಕಲಾಂಚೋ ಪ್ಯುಮಿಲ ಮೊದಲಾದ ಹತ್ತಿರದ ಪ್ರಭೇದಗಳೊಡನೆ ಸಂಕರಿಸುತ್ತ ಹೋದುದರಿಂದ ಇಂದಿನ ಬಣ್ಣಗಳ ವೈವಿಧ್ಯ ಬಂದಿತು. ಇಷ್ಟು ಬೆರಕೆಯ ಎರಡು ಗಿಡಗಳು ಕೂಡಿದಾಗ ಮೊದಲ ಪೀಳಿಗೆಯಲ್ಲಿಯೇ ಪ್ರತಿಯೊಂದು ಸಸಿಯೂ ಬೇರೆ ಬೇರೆಯಾಗುವುದು ಸಹಜ. ಶುದ್ಧ ತಳಿಗಳ ಬೀಜದಿಂದ ಬೆಳೆವ ಬೆಳೆಗಳ ಅನುಭವವಿರುವವರಿಗೆ ಇದು ವಿಚಿತ್ರವೆನಿಸಬಹುದು. ಕಲಾಂಚೋ ತಳಿಗಾರನಿಗೆ ಇದು ಭಾಗ್ಯ.

ಇನ್ನು ಬಹುದಳದ ವಿಷಯಕ್ಕೆ ಬಂದರೆ, ಇಲ್ಲಿ ಸಂಖ್ಯೆಯೇ ಎಲ್ಲವನ್ನೂ ನಿರ್ಧರಿಸುತ್ತದೆ. ಕಾಡು ಸಸ್ಯದ ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತಿರುವ 34 ವರ್ಣತಂತುಗಳಿದ್ದರೆ, ಮಾರುಕಟ್ಟೆಯ ಅನೇಕ ತಳಿಗಳಲ್ಲಿ ಅದರ ಎರಡರಷ್ಟು, ಅಂದರೆ 68 ಇರುತ್ತವೆ. ಒಂದು ಗುಣ ಮರೆಯಲ್ಲಿ ಉಳಿಯುವಂಥದ್ದು, ಅಂದರೆ ಅದರ ಪ್ರತಿಗಳು ಎಲ್ಲ ಸ್ಥಾನಗಳಲ್ಲಿಯೂ ಇದ್ದಾಗ ಮಾತ್ರ ಹೊರಗೆ ಕಾಣುವಂಥದ್ದು ಎಂದು ಇಟ್ಟುಕೊಳ್ಳಿ. ಆ ಗುಣವಿರುವ ಗಿಡವನ್ನು ಅದಿಲ್ಲದ ಗಿಡದೊಡನೆ ಸಂಕರಿಸಿದಾಗ ಮೊದಲ ಪೀಳಿಗೆಯಲ್ಲಿ ಅದು ಕಾಣುವುದಿಲ್ಲ. ಆ ಪೀಳಿಗೆಯ ಒಡಹುಟ್ಟಿದ ಗಿಡಗಳನ್ನು ತಮ್ಮತಮ್ಮಲ್ಲಿಯೇ ಸಂಕರಿಸಿದರೆ, ಸಾಮಾನ್ಯ ಸಸ್ಯದಲ್ಲಿ 4 ಸಸಿಗಳಿಗೆ 1ರಂತೆ ಅದು ಮರಳಿ ಕಾಣುತ್ತದೆ. ವರ್ಣತಂತುಗಳು ಇಮ್ಮಡಿಯಾದ ಸಸ್ಯದಲ್ಲಿ 36ಕ್ಕೆ 1ರಂತೆ ಮಾತ್ರ. ಈ ಲೆಕ್ಕದಲ್ಲಿ ಆ ಎರಡನೆಯ ಪೀಳಿಗೆಯಲ್ಲಿ 20 ಸಸಿಗಳನ್ನಷ್ಟೇ ಬೆಳೆಸಿದರೆ ಒಂದೂ ಸಿಗದೆ ಹೋಗುವ ಸಂಭವ ಅರ್ಧಕ್ಕಿಂತ ಹೆಚ್ಚು. 100 ಸಸಿಗಳನ್ನು ಬೆಳೆಸಿದರೆ ಆ ಸಂಭವ ಶೇಕಡಾ 6ರಷ್ಟಕ್ಕೆ ಇಳಿಯುತ್ತದೆ. ಆದ್ದರಿಂದ ನಿಮ್ಮ 20 ಗಿಡಗಳಲ್ಲಿ ಗುಲಾಬಿಯ ಕಡೆಗೆ ವಾಲುವ, ಗಿಡ್ಡಗೆ ಪೊದೆಯಂತೆ ಕವಲೊಡೆಯುವ ಎರಡು ಮೂರನ್ನು ಆರಿಸಿಕೊಂಡು, ಅವುಗಳನ್ನು ಪರಸ್ಪರ ಸಂಕರಿಸಿ, ಮುಂದಿನ ಪೀಳಿಗೆಯನ್ನು ಸಾಧ್ಯವಾದಷ್ಟು ದೊಡ್ಡದಾಗಿ ಬೆಳೆಸಿರಿ. ಆರಂಭದ ತಿಂಗಳುಗಳಲ್ಲಿ ನೂರು ಸಸಿಗಳಿಗೆ ಒಂದೆರಡು ಸಸಿ ಟ್ರೇಗಳ ಜಾಗ ಸಾಕು.

ಹೂ ಬಂದಾಗ ಬಣ್ಣಕ್ಕೆ ಮಾತ್ರ ಮರುಳಾಗಬಾರದೆಂದು ಬಲವಾಗಿ ಹೇಳಬಯಸುತ್ತೇನೆ. ಮನೆಯೊಳಗಿಡುವ ಗಿಡಕ್ಕೆ ಮುಖ್ಯವಾದ ಗುಣಗಳು ಬೇರೆ: ಹೂಗೊಂಚಲಿನ ಭಾರಕ್ಕೆ ಕಾಂಡ ಬಾಗದಿರುವುದು, ಚಿಗುರು ಚಿವುಟದಿದ್ದರೂ ಬುಡದಿಂದ ಕವಲು ಬರುವುದು, ಕಡಿಮೆ ಬೆಳಕಿನಲ್ಲಿ ಗೆಣ್ಣುಗಳ ನಡುವೆ ಅಂತರ ಉದ್ದವಾಗದಿರುವುದು, ಒಣಗಿದ ಹೂಗಳು ಹೊಸ ಹೂಗಳನ್ನು ಮುಚ್ಚದಿರುವುದು, ಬೂದಿ ರೋಗಕ್ಕೂ ಹಿಟ್ಟು ತಿಗಣೆಗೂ ಸುಲಭವಾಗಿ ತುತ್ತಾಗದಿರುವುದು. ಇವುಗಳಲ್ಲಿ ಮೂರು ಗುಣಗಳಿರುವ ಸಾಧಾರಣ ಬಣ್ಣದ ಗಿಡ, ಒಂದೂ ಇಲ್ಲದ ಅಪರೂಪದ ಬಣ್ಣದ ಗಿಡಕ್ಕಿಂತ ಮೇಲೆಂಬುದು ನನ್ನ ನಿಶ್ಚಿತ ಅಭಿಪ್ರಾಯ.

ನಮ್ಮ ಊರಿನದೇ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಒಂಟಿ ಸುತ್ತಿನ ಸುಗಂಧರಾಜವನ್ನು ಬಹುದಳದ ಸುಗಂಧರಾಜದೊಡನೆ ಸಂಕರಿಸಿ ‘ಶೃಂಗಾರ್’ ತಳಿಯನ್ನು ಪಡೆದರು. ಅದರ ಹೂ ಒಂಟಿ ಸುತ್ತಿನದೇ. ಬಹುದಳದ ಪೋಷಕನಿದ್ದೂ ಒಂಟಿ ಹೂ ಬಂದಿತೆಂದು ಅದನ್ನು ಕಿತ್ತೆಸೆಯಲಿಲ್ಲ. ಗಟ್ಟಿಯಾದ ಹೂಕಡ್ಡಿ ಮೊದಲಾದ ಅದರ ಗುಣಗಳನ್ನು ಗುರುತಿಸಿ ಉಳಿಸಿಕೊಂಡರು. ಅದನ್ನೇ ಮತ್ತೆ ‘ಮೆಕ್ಸಿಕನ್ ಸಿಂಗಲ್’ ತಳಿಯೊಡನೆ ಸಂಕರಿಸಿದಾಗ, ಇಂದು ರೈತರು ವ್ಯಾಪಕವಾಗಿ ಬೆಳೆಯುತ್ತಿರುವ ‘ಪ್ರಜ್ವಲ್’ ದೊರೆಯಿತು. ನಿಮ್ಮ 20 ಗಿಡಗಳನ್ನೂ ಅದೇ ಕಣ್ಣಿನಿಂದ ಇನ್ನೊಮ್ಮೆ ನೋಡಿರಿ.

ಒಳ್ಳೆಯದೆನಿಸಿದ ಗಿಡದ ಬೀಜವನ್ನು ಬಿತ್ತಿ ಅದನ್ನು ಉಳಿಸಲು ಯತ್ನಿಸಬೇಡಿ. ಗುಣಗಳು ಮತ್ತೆ ಚದುರಿಹೋಗುತ್ತವೆ. ಹೂವಿಲ್ಲದ ಕಾಂಡದ ತುದಿಯಿಂದ ಬೆರಳುದ್ದದ ತುಂಡುಗಳನ್ನು ಕತ್ತರಿಸಿ, ಗಾಯ ಒಣಗಲು ಒಂದೆರಡು ದಿನ ನೆರಳಿನಲ್ಲಿಟ್ಟು, ನೀರು ನಿಲ್ಲದ ಮಿಶ್ರಣದಲ್ಲಿ ನೆಟ್ಟರೆ ಎರಡು ಮೂರು ವಾರಗಳಲ್ಲಿ ಬೇರು ಬರುತ್ತದೆ. ಹೀಗೆ ಪಡೆದ ಮಕ್ಕಳು ಕನಿಷ್ಠ ಎರಡು ಚಳಿಗಾಲ ತಾಯಿಯಂತೆಯೇ ಹೂಬಿಟ್ಟರೆ, ಆಗ ನಿಮ್ಮಲ್ಲಿ ಒಂದು ತಳಿ ಇದೆಯೆಂದು ಧೈರ್ಯವಾಗಿ ಹೇಳಬಹುದು.

ಪ್ರಶ್ನೆ: ಕಲಾಂಚೋ ಹೂ ಬಹಳ ಚಿಕ್ಕದು. ಅದರಲ್ಲಿ ಕೇಸರಗಳನ್ನು ತೆಗೆದು ಪರಾಗಸ್ಪರ್ಶ ಮಾಡುವ ಕ್ರಮವನ್ನು ದಯವಿಟ್ಟು ವಿವರಿಸಿರಿ.
— ಓದುಗರು, ಮಲ್ಲೇಶ್ವರ

ಉತ್ತರ: ಈ ಹೂವಿನಲ್ಲಿ ಎಲ್ಲವೂ ನಾಲ್ಕರ ಲೆಕ್ಕ: 4 ಹೊರದಳ, ಬುಡದಲ್ಲಿ ಕೂಡಿ ಕೊಳವೆಯಾಗಿರುವ 4 ದಳ, 8 ಕೇಸರ, ಮಧ್ಯದಲ್ಲಿ 4 ಅಂಡಕೋಶ. ಕೇಸರಗಳು ದಳಗಳ ಕೊಳವೆಗೇ ಅಂಟಿಕೊಂಡಿರುವುದು ನಮಗೆ ದೊಡ್ಡ ಅನುಕೂಲ. ಅರಳಲು ಒಂದೆರಡು ದಿನವಿರುವಾಗ, ಬಣ್ಣ ಬಂದಿದ್ದರೂ ಇನ್ನೂ ಮುಚ್ಚಿಕೊಂಡಿರುವ ಮೊಗ್ಗನ್ನು ಆರಿಸಿ, ಸೂಜಿಯಿಂದ ಕೊಳವೆಯನ್ನು ಉದ್ದಕ್ಕೆ ಸೀಳಿ, ಚೂಪು ಮೊನೆಯ ಚಿಮುಟದಿಂದ ದಳಗಳನ್ನು ನಿಧಾನವಾಗಿ ಎಳೆದರೆ ಕೇಸರಗಳೂ ಅವುಗಳ ಜೊತೆಗೇ ಬಂದುಬಿಡುತ್ತವೆ. ಭೂತಗನ್ನಡಿಯಲ್ಲಿ ನೋಡಿ, ಒಂದು ಪರಾಗಕೋಶವೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಏಕೆಂದರೆ ಈ ಗಿಡಗಳಲ್ಲಿ ತನ್ನದೇ ಪರಾಗದಿಂದ ಬೀಜ ಕಟ್ಟುವುದೂ ಉಂಟು. ಗೊಂಚಲಿನಲ್ಲಿ ಹೀಗೆ ಸಿದ್ಧಪಡಿಸಿದ ಐದಾರು ಮೊಗ್ಗುಗಳನ್ನು ಉಳಿಸಿಕೊಂಡು ಮಿಕ್ಕವನ್ನು ಕತ್ತರಿಸಿ ತೆಗೆದು, ಗೊಂಚಲಿಗೆ ಬಟರ್ ಪೇಪರ್ ಚೀಲವನ್ನು ಹೊದಿಸಿರಿ.

ಮುಂದಿನ ಎರಡು ಮೂರು ದಿನ ಬೆಳಗ್ಗೆ, ತಂದೆಯಾಗಿ ಆರಿಸಿದ ಗಿಡದ ಆಗಷ್ಟೇ ಬಿರಿದ ಪರಾಗಕೋಶವನ್ನು ಚಿಮುಟದಲ್ಲಿ ಹಿಡಿದು ನಾಲ್ಕೂ ಶಲಾಕಾಗ್ರಗಳಿಗೆ, ಅಂದರೆ ಅಂಡಕೋಶಗಳ ತುದಿಗಳಿಗೆ, ಮೆಲ್ಲಗೆ ಸವರಬೇಕು. ಕುಂಚ ಬಳಸುವುದಾದರೆ ಒಂದು ಸಂಕರಣದಿಂದ ಇನ್ನೊಂದಕ್ಕೆ ಹೋಗುವ ಮೊದಲು ಅದನ್ನು ಸ್ಪಿರಿಟ್‌ನಲ್ಲಿ ತೊಳೆದು ಒಣಗಿಸಿರಿ. ಬಹುದಳದ ಹೂಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುವುದರಿಂದ ಪರಾಗ ವಿರಳ. ಅಂಡಾಶಯ ಸರಿಯಾಗಿ ರೂಪುಗೊಂಡಿದ್ದರೆ ಅಂಥ ಗಿಡವನ್ನು ತಾಯಿಯಾಗಿ ಬಳಸುವುದೇ ಸೂಕ್ತ. ಎರಡೂ ಗಿಡಗಳು ಒಟ್ಟಿಗೆ ಹೂಬಿಡದಿದ್ದರೆ, ಪರಾಗಕೋಶಗಳನ್ನು ಸಣ್ಣ ಕಾಗದದ ಪೊಟ್ಟಣದಲ್ಲಿ ಹಾಕಿ, ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನೊಳಗೆ ಕೆಲವು ದಿನ ಕಾಪಾಡಬಹುದು. ಪ್ರತಿ ಗೊಂಚಲಿಗೂ ದಿನಾಂಕವನ್ನೂ ತಾಯಿ, ತಂದೆಯ ಹೆಸರುಗಳನ್ನೂ ಬರೆದ ಚೀಟಿ ಕಟ್ಟಿರಿ. ತಾಯಿಯ ಹೆಸರನ್ನು ಮೊದಲು ಬರೆಯುವುದು ವಾಡಿಕೆ.

ಒಂದೆರಡು ತಿಂಗಳಲ್ಲಿ ಕಾಯಿಗಳು ಕಂದಾಗಿ ಒಣಗುತ್ತವೆ. ಅವು ಬಾಯಿ ಬಿಡುವ ಮೊದಲೇ ಕತ್ತರಿಸಿ, ಬಿಳಿಯ ಕಾಗದದ ಮೇಲೆ ಒಡೆಯಿರಿ, ಏಕೆಂದರೆ ಬೀಜಗಳು ನಶ್ಯದ ಪುಡಿಯಂತೆ ನವುರಾಗಿದ್ದು ಫ್ಯಾನಿನ ಗಾಳಿಗೂ ಹಾರಿಹೋಗುತ್ತವೆ. ಮೊಳೆಯಲು ಬೆಳಕು ಬೇಕಾದ್ದರಿಂದ ಬೀಜದ ಮೇಲೆ ಮಣ್ಣು ಮುಚ್ಚಬಾರದು. ಜರಡಿ ಹಿಡಿದ ತೇವದ ಕೋಕೋಪೀಟಿನ ಮೇಲೆ ಉದುರಿಸಿ, ಪಾರದರ್ಶಕ ಮುಚ್ಚಳ ಹಾಕಿ, ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದಲೇ ತೇವ ಏರುವಂತೆ ಮಾಡಿರಿ. ಫೆಬ್ರವರಿ ಮಾರ್ಚಿನಲ್ಲಿ ಬಿತ್ತಿದರೆ ಮಳೆಗಾಲದ ಕೊಳೆ ರೋಗ ಬರುವ ಹೊತ್ತಿಗೆ ಸಸಿಗಳು ಗಟ್ಟಿಯಾಗಿರುತ್ತವೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕಲಾಂಚೋ ಹುಲುಸಾಗಿ ಬೆಳೆದರೂ ಹೂ ಬಿಡುತ್ತಿಲ್ಲ. ಹೂವೇ ಇಲ್ಲದೆ ಸಂಕರಣ ಮಾಡುವುದು ಹೇಗೆ?
— ಓದುಗರು, ಮಾರತಹಳ್ಳಿ

ಉತ್ತರ: ಬಾಲ್ಕನಿಗೆ ರಾತ್ರಿಯಿಡೀ ಬೀದಿದೀಪದ ಅಥವಾ ಕಾರಿಡಾರಿನ ಬೆಳಕು ಬೀಳುತ್ತಿದೆಯೇ ಎಂದು ಮೊದಲು ನೋಡಿರಿ. ಕಲಾಂಚೋದ ಎಲೆಗಳು ರಾತ್ರಿಯ ಉದ್ದವನ್ನು ಗ್ರಹಿಸುತ್ತವೆ. ಅಡೆತಡೆಯಿಲ್ಲದ ದೀರ್ಘ ಕತ್ತಲೆ ಹಲವು ವಾರ ಸಿಕ್ಕರೆ ಮಾತ್ರ ಗಿಡ ಮೊಗ್ಗು ಕಟ್ಟುತ್ತದೆ. ಬೆಂಗಳೂರಿನಲ್ಲಿ ಹಗಲು ಜೂನ್ ತಿಂಗಳಲ್ಲಿ ಸುಮಾರು 12 ಗಂಟೆ 55 ನಿಮಿಷವಿದ್ದರೆ ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ 20 ನಿಮಿಷ. ಅಂದರೆ ನಮ್ಮಲ್ಲಿ ಋತುಗಳ ನಡುವಣ ವ್ಯತ್ಯಾಸ ತೀರ ಕಡಿಮೆ. ಆ ಸಣ್ಣ ವ್ಯತ್ಯಾಸವನ್ನು ಒಂದು ದೀಪ ಅಳಿಸಿಹಾಕಬಲ್ಲದು. ಸಂಜೆ 6ರಿಂದ ಬೆಳಗ್ಗೆ 8ರವರೆಗೆ, ಸುಮಾರು ಆರು ವಾರ, ಗಿಡವನ್ನು ಬೆಳಕು ತೂರದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹಗಲಿನಲ್ಲಿ ಒಳ್ಳೆಯ ಬೆಳಕಿಗೆ ತನ್ನಿರಿ. ಹೊಸ ತಳಿ ಮಾಡುವವರಿಗೆ ಇದರಿಂದ ಇನ್ನೊಂದು ಪ್ರಯೋಜನವಿದೆ: ಬೇರೆ ಬೇರೆ ಕಾಲಕ್ಕೆ ಹೂಬಿಡುವ ತಾಯಿ ತಂದೆಗಳನ್ನು ಒಂದೇ ವಾರದಲ್ಲಿ ಅರಳಿಸಬಹುದು.

ಪ್ರಶ್ನೆ: ನಾನು ಬೆಳೆಸಿದ ತಳಿಗೆ ಹೆಸರಿಟ್ಟು ನೋಂದಾಯಿಸಬಹುದೇ? ಅಂಗಡಿಯಿಂದ ತಂದ ತಳಿಯನ್ನು ಪೋಷಕವಾಗಿ ಬಳಸಿದ್ದರೆ ಕಾನೂನಿನ ತೊಡಕಿದೆಯೇ?
— ಓದುಗರು, ಯಲಹಂಕ

ಉತ್ತರ: ಭಾರತದಲ್ಲಿ ಇದಕ್ಕಿರುವುದು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಅದರಂತೆ ತಳಿ ಹೊಸದಾಗಿರಬೇಕು, ಇತರ ತಳಿಗಳಿಂದ ಸ್ಪಷ್ಟವಾಗಿ ಭಿನ್ನವಾಗಿರಬೇಕು, ಗಿಡದಿಂದ ಗಿಡಕ್ಕೆ ಏಕರೂಪವಾಗಿರಬೇಕು ಮತ್ತು ವೃದ್ಧಿಸಿದಾಗಲೂ ಗುಣ ಬದಲಾಗದೆ ಸ್ಥಿರವಾಗಿರಬೇಕು. ಮರ ಮತ್ತು ಬಳ್ಳಿಗಳನ್ನು ಬಿಟ್ಟು ಉಳಿದ ಬೆಳೆಗಳ ತಳಿಗೆ ರಕ್ಷಣೆಯ ಒಟ್ಟು ಅವಧಿ 15 ವರ್ಷ. ಸರ್ಕಾರ ಅಧಿಸೂಚಿಸಿದ ಸಸ್ಯಗಳ ಹೊಸ ತಳಿಗಳಿಗೆ ಮಾತ್ರ ಇದು ಅನ್ವಯಿಸುವುದರಿಂದ, ಖರ್ಚು ಮಾಡುವ ಮೊದಲು ಆ ಪಟ್ಟಿಯನ್ನು ಈ ಕಾಯ್ದೆಯಡಿ ನೋಂದಣಿ ಮಾಡುವ ಪ್ರಾಧಿಕಾರದಲ್ಲಿ ವಿಚಾರಿಸಿರಿ. ಅರ್ಜಿ ಹಾಕುವ ದಿನಕ್ಕಿಂತ ಒಂದು ವರ್ಷಕ್ಕೂ ಹಿಂದೆಯೇ ಭಾರತದಲ್ಲಿ ಮಾರಾಟವಾಗಿದ್ದ ತಳಿಯನ್ನು ಹೊಸದೆಂದು ಪರಿಗಣಿಸುವುದಿಲ್ಲ. ಆದ್ದರಿಂದ ನೋಂದಣಿಯ ಆಲೋಚನೆಯಿರುವವರು ಮಾರಾಟಕ್ಕೆ ಆತುರಪಡಬಾರದು.

ಪೋಷಕ ತಳಿಯ ವಿಷಯದಲ್ಲಿ ಕಾಯ್ದೆ ಉದಾರವಾಗಿದೆ. ನೋಂದಾಯಿತ ತಳಿಯನ್ನು ಪ್ರಯೋಗಕ್ಕೂ ಹೊಸ ತಳಿಯ ಮೂಲವಾಗಿಯೂ ಬಳಸಲು 30ನೆಯ ವಿಧಿ ಅವಕಾಶ ಕೊಡುತ್ತದೆ. ಹೊಸ ತಳಿಯನ್ನು ವಾಣಿಜ್ಯವಾಗಿ ಉತ್ಪಾದಿಸಲು ಆ ಪೋಷಕವನ್ನು ಮತ್ತೆ ಮತ್ತೆ ಬಳಸಲೇಬೇಕಾಗಿದ್ದರೆ ಮಾತ್ರ ಅದರ ತಳಿಗಾರನ ಒಪ್ಪಿಗೆ ಬೇಕು. ಕಲಾಂಚೋವನ್ನು ತುಂಡುಗಳಿಂದ ವೃದ್ಧಿಸುವುದರಿಂದ ಆ ಸಂದರ್ಭ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಬೇರೆಯವರ ರಕ್ಷಿತ ತಳಿಯನ್ನೇ ತುಂಡುಗಳಿಂದ ಬೆಳೆಸಿ ಹೊಸ ಹೆಸರಿನಲ್ಲಿ ಮಾರುವುದು ಸರ್ವಥಾ ಸಲ್ಲದು.

ಹೆಸರಿಡಲು ನೋಂದಣಿ ಬೇಕಿಲ್ಲ. ತಳಿಯ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಗಳೊಳಗೆ ಬರೆಯುವುದು ಅಂತರರಾಷ್ಟ್ರೀಯ ನಿಯಮ. 1959ರಿಂದೀಚೆಗಿನ ಹೆಸರು ಲ್ಯಾಟಿನ್ ರೂಪದಲ್ಲಿರಬಾರದು. ಒಳ್ಳೆಯ ಕನ್ನಡ ಹೆಸರೊಂದನ್ನು ಇಡಿರೆಂದು ನನ್ನ ಮನಃಪೂರ್ವಕ ವಿನಂತಿ. ಹೆಸರಿಡುವ ಮೊದಲು, ಲಾಲ್‌ಬಾಗಿನ ಜನವರಿ ಫಲಪುಷ್ಪ ಪ್ರದರ್ಶನದ ವೇಳೆ ಅಲ್ಲಿಯೂ ಸುತ್ತಲಿನ ನರ್ಸರಿಗಳಲ್ಲಿಯೂ ಇರುವ ಕಲಾಂಚೋಗಳನ್ನು ನೋಡಿ ಬನ್ನಿರಿ. ಅದು ಈ ಗಿಡ ಹೂಬಿಡುವ ಕಾಲವೂ ಹೌದು, ನಿಮ್ಮದು ನಿಜಕ್ಕೂ ಭಿನ್ನವೇ ಎಂಬುದು ತಿಳಿಯುತ್ತದೆ.

ಪ್ರಶ್ನೆ: ಎಲೆಯ ಅಂಚಿನಲ್ಲಿ ಮರಿ ಹುಟ್ಟುವ ಕಾಡುಬಸಳೆಯೂ ಕಲಾಂಚೋ ಜಾತಿಯದೇ ಎಂದು ಓದಿದೆ. ಅದರೊಡನೆ ಸಂಕರಿಸಿದರೆ ತಾನೇ ಮರಿ ಹಾಕುವ ಹೂಗಿಡ ಸಿಗಬಹುದೇ?
— ಓದುಗರು, ಕೆಂಗೇರಿ

ಉತ್ತರ: ಕಾಡುಬಸಳೆ ಕಲಾಂಚೋ ಪಿನ್ನಾಟ ಎಂಬ ಪ್ರಭೇದವೆಂಬುದು ನಿಜ. ಆದರೆ ಜೋತುಬೀಳುವ ಹೂಗಳಿರುವ ಆ ಗುಂಪು ನಮ್ಮ ಕುಂಡದ ಗಿಡಕ್ಕೆ ದೂರದ ನಂಟು. ಹಿಂದೆ ಅದನ್ನು ಬ್ರಯೋಫಿಲ್ಲಮ್ ಎಂಬ ಬೇರೆಯೇ ಕುಲವಾಗಿ ಎಣಿಸುತ್ತಿದ್ದರು. ಸಂಕರಣ ಫಲಿಸಿದರೂ ನಾನು ಇದನ್ನು ಪ್ರೋತ್ಸಾಹಿಸಲಾರೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೌಟನ್ ಎಂಬವರು ಮರಿ ಹಾಕುವ ಎರಡು ಪ್ರಭೇದಗಳನ್ನು ಕೂಡಿಸಿ ಪಡೆದ ಸಂಕರವು ಮುಂದೆ ತೋಟಗಳಿಂದ ತಪ್ಪಿಸಿಕೊಂಡು ಹಲವು ಖಂಡಗಳಲ್ಲಿ ಹರಡುವ ಕಳೆಯಾಯಿತು. ಕಲಾಂಚೋ ಗಿಡಗಳಲ್ಲಿ ಹೃದಯಕ್ಕೆ ತೊಂದರೆ ಕೊಡುವ ವಿಷಾಂಶವಿದ್ದು, ಅವನ್ನು ತಿಂದ ದನಕರು, ನಾಯಿ, ಬೆಕ್ಕುಗಳು ಅಪಾಯಕ್ಕೆ ಸಿಲುಕುತ್ತವೆ. ಖಾಲಿ ನಿವೇಶನಗಳಲ್ಲಿ ಹಸುಗಳು ಮೇಯುವ ನಮ್ಮ ಊರಿನಲ್ಲಿ ಇದನ್ನು ಮರೆಯುವಂತಿಲ್ಲ. ಆಯ್ಕೆಯಲ್ಲಿ ಬೇಡವೆಂದು ತೆಗೆದ ಗಿಡಗಳನ್ನು ಹೊರಗೆ ಎಸೆಯದೆ, ಪ್ರಾಣಿಗಳಿಗೆ ಎಟುಕದ ತಾರಸಿಯಲ್ಲಿ ಬೇರುಸಹಿತ ಪೂರ್ತಿ ಒಣಗಿಸಿ, ಆಮೇಲೆ ಮುಚ್ಚಿದ ಚೀಲದಲ್ಲಿ ಕಸದ ಗಾಡಿಗೆ ಹಾಕಿರಿ.