ಅಡಿ ಲೆಕ್ಕ ಸಾಕು, ಆ ಕಿಟಕಿ ತೆಗೆಸಿ

ಇದು 2021, ಕೊರೊನಾದಿಂದ ಮುಚ್ಚಿದ್ದ ಶಾಲೆಗಳು ಮತ್ತೆ ತೆರೆಯುತ್ತಿರುವ ಹೊತ್ತು. ಈ ವಾರ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಲೆಯದ್ದೇ. ಕಳಿಸಬೇಕೋ ಬೇಡವೋ, ಕಳಿಸಿದರೆ ಮನೆಯಲ್ಲಿ ಏನಂತಾರೆ, ಕಳಿಸದಿದ್ದರೆ ಟೀಚರ್ ಏನಂತಾರೆ. ಉಳಿದದ್ದನ್ನೆಲ್ಲ ಪಕ್ಕಕ್ಕಿಟ್ಟು ಒಂದನ್ನೇ ಎತ್ತಿಕೊಂಡಿದ್ದೇನೆ, ಯಾಕೆಂದರೆ ಅದನ್ನು ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲಲ್ಲ.

ಬರೆದವರು ಎಂಟು ವರ್ಷದ ಮಗಳ ತಾಯಿ. ಒಂದೂವರೆ ವರ್ಷದಿಂದ ಹುಡುಗಿಯ ಶಾಲೆ ಫೋನಿನೊಳಗೇ ಇದೆ. ಈಗ ಮೂರನೇ ಕ್ಲಾಸಿನವರನ್ನು ದಿನ ಬಿಟ್ಟು ದಿನ ಕರೆಸಿಕೊಳ್ಳುತ್ತೇವೆ, ಅರ್ಧ ಮಕ್ಕಳು ಇವತ್ತು, ಇನ್ನರ್ಧ ನಾಳೆ, ಎಲ್ಲರಿಗೂ ಮಾಸ್ಕ್, ಇಬ್ಬರ ನಡುವೆ 3 ಅಡಿ ಅಂತ ಶಾಲೆ ತಿಳಿಸಿದೆ. ಗಂಡ 6 ಅಡಿಗೆ ಒಂದಿಂಚು ಕಡಿಮೆಯಾದರೂ ಕಳಿಸಲ್ಲ ಅಂತ ಪಟ್ಟು ಹಿಡಿದಿದ್ದಾರೆ. ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ ಅನ್ನುವುದು ಅವರು ಕೊಡುವ ಕಾರಣ. ಇದರ ನಡುವೆ ಪೋಷಕರ ಆನ್‌ಲೈನ್ ಸಭೆಯಲ್ಲಿ ಇನ್ನೊಂದು ಮಗುವಿನ ತಂದೆ, "ಮಕ್ಕಳ ಮೇಲೆ ಪ್ರೀತಿ ಇರುವವರು ಯಾರೂ ಈಗ ಕಳಿಸಲ್ಲ" ಅಂದರಂತೆ. ಅವತ್ತಿನಿಂದ ಈಕೆಗೆ ನಿದ್ದೆಯಿಲ್ಲ. "ನಾನು ಕೆಟ್ಟ ತಾಯಿಯಾ?" ಅಂತ ಪತ್ರ ಮುಗಿಸಿದ್ದಾರೆ.

ಅಲ್ಲ. ಆ ಪ್ರಶ್ನೆ ಇಲ್ಲಿಗೆ ಮುಗಿಯಿತು, ಮುಂದೆ ಹೋಗೋಣ.

ನನ್ನ ಕಣ್ಣು ಹೋಗಿ ನಿಂತದ್ದು ಬೇರೆ ಕಡೆ. ಪತ್ರದ ಮಧ್ಯದಲ್ಲೆಲ್ಲೋ, ಬ್ರಾಕೆಟ್ ಹಾಕಿ, ಒಂದು ಸಾಲು ಬರೆದಿದ್ದೀರಿ: "ಕ್ಲಾಸಿನ ಕಿಟಕಿ ತೆಗೆಯೋಕೆ ಬರಲ್ಲ, ಎಸಿ ಹಾಕಿಸಿದಾಗ ಮೊಳೆ ಹೊಡೆದುಬಿಟ್ಟಿದ್ದಾರೆ, ಅದಿರಲಿ." ಅದಿರಲಿ ಅಂತೆ! ಯಾಕಿರಲಿ? ನಾಲ್ಕು ಪುಟ ಅಡಿ, ಇಂಚು, ಮೀಟರು. ಮಕ್ಕಳು ದಿನವಿಡೀ ಉಸಿರಾಡುವ ಗಾಳಿಗೆ ಅರ್ಧ ಸಾಲು, ಅದೂ ಬ್ರಾಕೆಟ್ಟಿನೊಳಗೆ.

ಈ ಅಡಿಗಳ ಜಗಳ ಎಲ್ಲಿಂದ ಬಂತು ನೋಡಿ. ಕೆಮ್ಮಿದಾಗ, ಮಾತಾಡಿದಾಗ ಬಾಯಿಂದ ಹಾರುವ ದೊಡ್ಡ ಹನಿಗಳು ಸ್ವಲ್ಪ ದೂರ ಹೋಗಿ ನೆಲಕ್ಕೆ ಬೀಳುತ್ತವೆ. ಅಷ್ಟು ದೂರ ನಿಂತರೆ ಸಾಕು ಅನ್ನುವುದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 1 ಮೀಟರ್ ಅಂದಿತು, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 6 ಅಡಿ ಅಂದಿತು. ಒಂದೇ ವೈರಸ್ಸಿಗೆ ಎರಡು ಅಳತೆ. ಆದರೆ ಸಣ್ಣ ಹನಿಗಳು ಬೀಳುವ ಮೊದಲೇ ಒಣಗಿ ಗಾಳಿಯಲ್ಲೇ ತೇಲುತ್ತಿರುತ್ತವೆ ಅಂತ ವಿಲಿಯಂ ವೆಲ್ಸ್ ಎಂಬ ಸಂಶೋಧಕ 1934ರಲ್ಲೇ ಬರೆದಿದ್ದ. ಅದು ಈ ಕಾಯಿಲೆಗೂ ಅನ್ವಯಿಸುತ್ತದೆ ಅಂತ ದೊಡ್ಡ ಸಂಸ್ಥೆಗಳು ಬಾಯಿಬಿಟ್ಟು ಒಪ್ಪುವ ಹೊತ್ತಿಗೆ 2021 ಬಂತು. ಅಲ್ಲಿಯವರೆಗೆ ಬೆಂಚು ಒರೆಸಿದ್ದೇ ಒರೆಸಿದ್ದು, ನೆಲದ ಮೇಲೆ ದುಂಡಗೆ ಗುರುತು ಹಾಕಿದ್ದೇ ಹಾಕಿದ್ದು.

ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಬ್ಬ ಸಿಗರೇಟು ಹಚ್ಚಿದ ಅಂದುಕೊಳ್ಳಿ. 6 ಅಡಿ ದೂರ ಕೂತವರಿಗೆ ವಾಸನೆ ಬರಲ್ವಾ? ಹತ್ತು ನಿಮಿಷ ಬಿಟ್ಟು ಮೂಲೆಯಲ್ಲಿ ಕೂತವರಿಗೂ ಬರುತ್ತದೆ. ಹತ್ತಿರ ಇದ್ದವರಿಗೆ ಜಾಸ್ತಿ, ನಿಜ, ಹಾಗಾಗಿ ದೂರ ಕೂರುವುದು ದಂಡ ಅಂತ ನಾನು ಹೇಳುತ್ತಿಲ್ಲ. ಆದರೆ ಗಂಟೆಗಟ್ಟಲೆ ಒಂದೇ ಕೋಣೆಯಲ್ಲಿ ಇರುವವರಿಗೆ 3 ಅಡಿಗೂ 6 ಅಡಿಗೂ ಇರುವ ವ್ಯತ್ಯಾಸಕ್ಕಿಂತ ಮುಚ್ಚಿದ ಕಿಟಕಿಗೂ ತೆರೆದ ಕಿಟಕಿಗೂ ಇರುವ ವ್ಯತ್ಯಾಸ ದೊಡ್ಡದು. ಮತ್ತೆ ಆ ಎಸಿ ಇದೆಯಲ್ಲ, ಗೋಡೆಗೆ ಹಾಕುವ ಮಾಮೂಲಿ ಎಸಿ ಆಗಿದ್ದರೆ ಅದು ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಒಳಗಿನದ್ದನ್ನೇ ತಣ್ಣಗೆ ಮಾಡಿ ತಿರುಗಿ ತಿರುಗಿ ಕೊಡುತ್ತದೆ.

ಇದೇನು ಹೊಸ ಬುದ್ಧಿವಂತಿಕೆಯಲ್ಲ. ಕ್ಷಯದ ಕಾಲದಲ್ಲಿ, 1904ರಲ್ಲಿ, ಬರ್ಲಿನ್ ಪಕ್ಕದ ಷಾರ್ಲೊಟೆನ್‌ಬುರ್ಗ್‌ನಲ್ಲಿ ಕಾಡಿನ ಮರಗಳ ಕೆಳಗೆ ಶಾಲೆ ನಡೆಸಿದರು. ನಾಲ್ಕು ವರ್ಷದ ನಂತರ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಕೊರೆಯುವ ಚಳಿಯಲ್ಲೂ ಉದ್ದುದ್ದ ಕಿಟಕಿಗಳನ್ನು ತೆರೆದಿಟ್ಟು, ಮಕ್ಕಳನ್ನು ಕಂಬಳಿಯೊಳಗೆ ಕೂರಿಸಿ ಪಾಠ ಮಾಡಿದರು. 2020ರ ಏಪ್ರಿಲ್‌ನಲ್ಲಿ, ಶಾಲೆ ತಪ್ಪಿಹೋದ ಮಕ್ಕಳ ಲೆಕ್ಕವನ್ನು ಯುನೆಸ್ಕೋ 150 ಕೋಟಿಗೂ ಮೇಲೆ ಅಂತ ಹೇಳುತ್ತಿದ್ದ ಹೊತ್ತಿನಲ್ಲಿ, ಡೆನ್ಮಾರ್ಕ್ ಮೊದಲು ಚಿಕ್ಕ ಮಕ್ಕಳಿಗೇ ಶಾಲೆ ತೆರೆಯಿತು. ಸಣ್ಣ ಸಣ್ಣ ಗುಂಪು ಮಾಡಿದರು, ಆದಷ್ಟು ಪಾಠ ಬಯಲಲ್ಲಿ ಮಾಡಿದರು. ಇದೆಲ್ಲ ಆಗಿಹೋಗಿರುವಾಗ ನಿಮ್ಮ ಮಗಳ ಶಾಲೆಗೆ ನಾಲ್ಕು ಮೊಳೆ ಕೀಳುವುದು ಕಷ್ಟ ಅಂದರೆ ನಾನು ನಂಬಲ್ಲ.

ಈಗ ನಿಮ್ಮ ಯಜಮಾನರ ವಿಷಯಕ್ಕೆ ಬರುತ್ತೇನೆ. ಈ ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತು: ಗಂಡ ಹೆಂಡತಿ ಜಗಳದಲ್ಲಿ ಒಂದು ಅಂಕಿ ನುಸುಳಿತು ಅಂದರೆ ಜಗಳ ಆ ಅಂಕಿಯದ್ದಲ್ಲ. ದುಡ್ಡಿನ ಜಗಳದಲ್ಲೂ ಹಾಗೆ, ಗಡಿಯಾರದ ಜಗಳದಲ್ಲೂ ಹಾಗೆ. ನೀವೇ ಬರೆದಿದ್ದೀರಿ, ಅವರು ಮೂರು ತಿಂಗಳಿಂದ ದಿನಾ ಆಫೀಸಿಗೆ ಹೋಗುತ್ತಿದ್ದಾರೆ, ಸಹೋದ್ಯೋಗಿಗಳ ಜೊತೆ ಒಂದೇ ಟೇಬಲ್ಲಿನಲ್ಲಿ ಕೂತು ಊಟ ಮಾಡುತ್ತಾರೆ ಅಂತ. ಅಲ್ಲಿ ಎಷ್ಟು ಅಡಿ? ಯಾರೂ ಅಳೆದಿಲ್ಲ.

ಅವರು ಹಿಡಿದುಕೊಂಡಿರುವ ನಿಯಮವನ್ನಾದರೂ ಪೂರ್ತಿ ಓದಿದ್ದರೆ ಚೆನ್ನಾಗಿತ್ತು. ಸಿಡಿಸಿ 2021ರ ಮಾರ್ಚ್‌ನಲ್ಲಿ ತರಗತಿಯೊಳಗೆ ಎಲ್ಲರೂ ಮಾಸ್ಕ್ ಹಾಕಿದ್ದರೆ ಸಣ್ಣ ಮಕ್ಕಳ ನಡುವೆ 3 ಅಡಿ ಸಾಕು ಅಂತ ಬದಲಾಯಿಸಿತು. 6 ಅಡಿಯನ್ನು ಎಲ್ಲಿ ಉಳಿಸಿಕೊಂಡಿತು ಗೊತ್ತಾ? ಊಟದ ಹೊತ್ತಿಗೆ, ಅಂದರೆ ಮಾಸ್ಕ್ ತೆಗೆಯುವ ಹೊತ್ತಿಗೆ. ದೊಡ್ಡವರ ನಡುವೆಯೂ ಉಳಿಸಿಕೊಂಡಿತು. ಅಂದರೆ ನಿಮ್ಮ ಮನೆಯಲ್ಲಿ ಆ 6 ಅಡಿ ಯಾರಿಗಾದರೂ ಸರಿಯಾಗಿ ಹೊಂದುತ್ತದೆ ಅಂದರೆ ಅದು ಅವರಿಗೇ, ಅವರ ಊಟದ ಟೇಬಲ್ಲಿಗೇ. ಶಾಲೆಯವರೂ ಸಾಚಾ ಅಲ್ಲ ಬಿಡಿ. ಅವರಿಗೆ 3 ಅಡಿ ಅನ್ನುವುದು ಮಾತ್ರ ನೆನಪಿದೆ, ಗಾಳಿ ಓಡಾಡಬೇಕು ಅನ್ನುವ ಮಾತು ಅದೇ ಸಲಹೆಯಲ್ಲಿ ಇದ್ದದ್ದು ಮರೆತುಹೋಗಿದೆ. ಊಟದ ಡಬ್ಬಿ ಎಲ್ಲಿ ಬಿಚ್ಚಿಸುತ್ತಾರೆ ಅಂತ ಅವರ ಸೂಚನೆಯಲ್ಲಿ ಒಂದಕ್ಷರ ಇಲ್ಲ ಅಂತ ನೀವೇ ಹೇಳಿದ್ದೀರಿ.

ನಿಮ್ಮ ಯಜಮಾನರು ಕೆಟ್ಟವರಲ್ಲ, ಹೆದರಿದ್ದಾರೆ. ಆಫೀಸಿನಲ್ಲಿ ಏನೂ ಅವರ ಕೈಯಲ್ಲಿಲ್ಲ, ಮಗಳ ವಿಷಯವಾದರೂ ಕೈಯಲ್ಲಿ ಇರಲಿ ಅಂತ ಗಟ್ಟಿಯಾಗಿ ಹಿಡಿದಿದ್ದಾರೆ. ಭಯ ಪೂರ್ತಿ ಹುಸಿಯೂ ಅಲ್ಲ. ಮಕ್ಕಳಿಗೆ ಈ ಕಾಯಿಲೆ ದೊಡ್ಡವರಷ್ಟು ಜೋರಾಗಿ ಬರುವುದು ಕಡಿಮೆ, ಆದರೆ ಅವರು ಮನೆಗೆ ತರಬಲ್ಲರು. ಆಫೀಸಿಗೆ ಹೋಗುವ ಅಪ್ಪನೂ ತರಬಲ್ಲ. ಮಗಳನ್ನು ಮನೆಯಲ್ಲಿ ಕೂಡಿಹಾಕಿದರೆ ಒಂದು ಬಾಗಿಲು ಮುಚ್ಚಿದಂತಾಯಿತು ಅಷ್ಟೇ, ಇನ್ನೊಂದು ಹಾರು ಹೊಡೆದಿದೆ.

ಇನ್ನು ನಿಮ್ಮ ಅತ್ತೆ. ಎಲ್ಲರೂ ಅವರ ಹೆಸರು ಹೇಳಿಕೊಂಡು ಜಗಳ ಆಡುತ್ತಿದ್ದೀರಿ, ಅವರು ಏನಂದರು ಅನ್ನುವುದು ಮಾತ್ರ ಪತ್ರದಲ್ಲಿ ಎಲ್ಲೂ ಇಲ್ಲ. ಎರಡೂ ಡೋಸ್ ಲಸಿಕೆ ಹಾಕಿಸಿಕೊಂಡಿದ್ದಾರೆ, ಕಿವಿ ಚುರುಕಾಗಿದೆ. ನಿಮ್ಮ ಮಗಳು ಹಾಲ್‌ನಲ್ಲಿ ಬಳಪದಿಂದ ಗೀಟು ಎಳೆದು "ಅಜ್ಜಿ, ನೀನು ಆ ಕಡೆ, ನಾನು ಈ ಕಡೆ" ಅಂತ ಕೂರುತ್ತಾಳೆ, ಕಥೆ ಕೇಳುವಾಗ ಮಾತ್ರ ಕಾಲ ಹೆಬ್ಬೆರಳು ಮೆಲ್ಲಗೆ ಗೀಟು ದಾಟಿಸುತ್ತಾಳೆ ಅಂತ ಬರೆದಿದ್ದೀರಲ್ಲ. ಎಂಟು ವರ್ಷದ ಮಗುವಿಗೆ ತಾನೇ ಕಾಯಿಲೆ, ತನ್ನಿಂದಲೇ ಅಜ್ಜಿಗೆ ಅಪಾಯ ಅಂತ ಕಲಿಸಿದ್ದು ಯಾರು? ಬೇಕೂ ಅಂತ ಯಾರೂ ಕಲಿಸಿಲ್ಲ, ಗೊತ್ತು. ರಾತ್ರಿ ಅಡುಗೆಮನೆಯಲ್ಲಿ ನೀವಿಬ್ಬರೂ ಏರುದನಿಯಲ್ಲಿ ಅಡಿ ಲೆಕ್ಕ ಹಾಕುತ್ತೀರಲ್ಲ, ಅದು ಅವಳ ಕೋಣೆಗೂ ಕೇಳಿಸುತ್ತದೆ. ನನ್ನ ಮರುಕವೆಲ್ಲ ಅವಳಿಗೆ, ಸ್ವಲ್ಪ ಉಳಿದದ್ದು ಅವಳ ಟೀಚರಿಗೆ. ಅರ್ಧ ಮಕ್ಕಳು ಎದುರಿಗೆ, ಅರ್ಧ ಮಕ್ಕಳು ಫೋನಿನಲ್ಲಿ, ಎಲ್ಲರಿಗಿಂತ ಜಾಸ್ತಿ ಹೊತ್ತು ಆ ಮೊಳೆ ಹೊಡೆದ ಕೋಣೆಯಲ್ಲಿ ಇರುವವರು ಅವರೇ. ಅವರ ಬಗ್ಗೆ ಸಭೆಯಲ್ಲಿ ಒಬ್ಬರಾದರೂ ಕೇಳಿದರಾ?

ಕೇಳಿರಲಿಕ್ಕಿಲ್ಲ, ಯಾಕೆಂದರೆ ಸಭೆಯನ್ನು ಪೂರ್ತಿ ನುಂಗಿದವರು ಆ ಪ್ರೀತಿವಂತ ತಂದೆ. ನಿಮ್ಮ ಗಂಡನಿಗಿಂತ, ಶಾಲೆಗಿಂತ ನನಗೆ ಜಾಸ್ತಿ ಸಿಟ್ಟು ತರಿಸಿದವರು ಅವರೇ. ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಅವರ ಆಯ್ಕೆ, ಅದಕ್ಕೆ ನಾನು ಅಡ್ಡ ಬರಲ್ಲ. ಆದರೆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೋನ್, ಪಕ್ಕದಲ್ಲಿ ಕೂತು ಪಾಠ ಹೇಳಿಕೊಡಲು ಬಿಡುವಿರುವ ದೊಡ್ಡವರು, ಇದೆಲ್ಲ ಇದ್ದವರು ಇಲ್ಲದವರ ಪ್ರೀತಿಯನ್ನು ಅಳೆಯಲು ಕೂರಬಾರದು. ನೀವು ಮುಂದಿನ ಸಭೆಯಲ್ಲಿ ಅವರಿಗೆ ಉತ್ತರ ಕೊಡಬೇಡಿ. ಅವರು ಮಾತಾಡುವಾಗ ಎದ್ದು ಹೋಗಿ ನೀರು ಕುಡಿದು ಬನ್ನಿ.

ಕಳಿಸಲಾ ಬೇಡವಾ ಅಂತ ಕೇಳಿದ್ದೀರಿ. ಕಿಟಕಿ ತೆರೆದರೆ ಕಳಿಸಿ, ತೆರೆಯದಿದ್ದರೆ ಬೇಡ. ನಡುವೆ ಬೇರೆ ಯಾವ ಷರತ್ತೂ ಇಲ್ಲ.

ಹಾಗಾಗಿ ಮಾಡಬೇಕಾದ ಕೆಲಸ ಒಂದೇ. ನೀವಿಬ್ಬರೂ ಒಟ್ಟಿಗೆ, ಒಬ್ಬರನ್ನು ಬಿಟ್ಟು ಒಬ್ಬರಲ್ಲ, ಶಾಲೆಗೆ ಹೋಗಿ. ಆಫೀಸ್ ರೂಮಿನಲ್ಲಿ ಕೂತು ಮಾತಾಡಿ ವಾಪಸ್ ಬರಬೇಡಿ, ಮಗಳ ಕ್ಲಾಸಿಗೇ ಹೋಗಿ ಕಿಟಕಿಗೆ ಕೈ ಹಾಕಿ ನೋಡಿ. ಮೊಳೆ ಕಿತ್ತು, ಎದುರು ಬದುರು ಗಾಳಿ ಬರುವಂತೆ ಬಾಗಿಲೂ ತೆರೆದಿಡಬೇಕು, ಸೆಖೆಯಾದರೆ ಫ್ಯಾನ್ ಹಾಕಲಿ, ಊಟ ಹೊರಗೆ ಆಗಬೇಕು ಅಂತ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ ಕೊಡಿ, ಒಂದು ಪ್ರತಿಗೆ ಅವರ ಸಹಿ ತೆಗೆದುಕೊಳ್ಳಿ. ಧೂಳು ಬರುತ್ತದೆ, ಗದ್ದಲ ಕೇಳಿಸುತ್ತದೆ ಅಂತಾರೆ, ಅನ್ನಲಿ. ಆಗುವುದೇ ಇಲ್ಲ ಅಂದರೆ ವರಾಂಡದಲ್ಲಿ ಪಾಠ ಮಾಡಿ ಅಂತ ಕೇಳಿ. ಅದಕ್ಕೂ ಒಪ್ಪದಿದ್ದರೆ ನನಗೆ ಇನ್ನೊಂದು ಪತ್ರ ಬರೆಯಿರಿ, ಈ ಸಲ ಬ್ರಾಕೆಟ್ ಇಲ್ಲದೆ.