ಮೂತ್ರದಲ್ಲಿ ರಕ್ತ ಬಂದಿದೆ, ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ನುಂಗಬಹುದಾ?

ನುಂಗಬೇಡಿ. ನಾನು ನುಂಗಿ ಕೆಟ್ಟವನು, ಅದಕ್ಕೇ ಹೇಳುತ್ತಿದ್ದೇನೆ. ಡಾಕ್ಟರ್ ಅಲ್ಲ, ಕಲಬುರಗಿಯಲ್ಲಿ ತೊಗರಿ ವ್ಯಾಪಾರ ನನ್ನದು.

ನಿಮಗೆ 48 ವರ್ಷ, ನಿನ್ನೆಯಿಂದ ಮೂತ್ರ ಕೆಂಪಗೆ ಬರುತ್ತಿದೆ, ನೋವಿಲ್ಲ, ಹೋದ ವರ್ಷ ಉರಿಮೂತ್ರಕ್ಕೆ ಕೊಟ್ಟ ಸಿಪ್ರೋಫ್ಲಾಕ್ಸಾಸಿನ್ ಆರು ಗುಳಿಗೆ ಉಳಿದಿವೆ ಅಂತ ಬರೆದಿದ್ದೀರಿ. ನನ್ನ ಕಥೆಯೂ ಹೆಚ್ಚುಕಡಿಮೆ ಹೀಗೇ ಶುರುವಾಗಿದ್ದು.

ಮೂರು ವರ್ಷದ ಹಿಂದೆ, ಮೇ ತಿಂಗಳು. ನಮ್ಮ ಊರಿನ ಬಿಸಿಲು ಗೊತ್ತಲ್ಲ, 42–43 ಡಿಗ್ರಿ. ಗಂಜ್ ಮಾರುಕಟ್ಟೆಯಲ್ಲಿ ಇಡೀ ದಿನ ನಿಂತು ನೀರಿಗಿಂತ ಚಹಾ ಕುಡಿದದ್ದೇ ಜಾಸ್ತಿ. ಒಂದು ಸಂಜೆ ಮೂತ್ರ ದಾಳಿಂಬೆ ರಸದ ಹಾಗೆ ಬಂತು. ಮನೆಯಲ್ಲಿ 'ಉಷ್ಣ ಆಗಿದೆ' ಅಂತ ಸಬ್ಜಾ ನೆನೆಸಿ ಕೊಟ್ಟರು. ಔಷಧಿ ಅಂಗಡಿಯವ 'ಇನ್‌ಫೆಕ್ಷನ್' ಅಂದ. ಚೀಟಿ ಕೇಳಲಿಲ್ಲ, ಕತ್ತರಿ ತಗೊಂಡು ಸ್ಟ್ರಿಪ್ಪಿನಿಂದ ನಾಲ್ಕು ಗುಳಿಗೆ ಕತ್ತರಿಸಿ ಕೊಟ್ಟ. ಮೂರನೇ ದಿನಕ್ಕೆ ಮೂತ್ರ ತಿಳಿಯಾಯಿತು. ಆ ಹುರುಪಿನಲ್ಲಿ ಇನ್ನಿಬ್ಬರಿಗೂ ಅದೇ ಗುಳಿಗೆ ಹೇಳಿದ್ದೆ!

ಎರಡು ತಿಂಗಳಿಗೆ ಮತ್ತೆ ಬಂತು. ಮತ್ತೆ ಅದೇ ಅಂಗಡಿ. ಎರಡು ಗುಳಿಗೆ ನುಂಗುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರ್ ಮೊದಲು ಕೇಳಿದ್ದೇ 'ಏನು ನುಂಗಿದ್ದೀರಿ?' ಅಂತ. ಜೇಬಿನಿಂದ ಸ್ಟ್ರಿಪ್ಪಿನ ತುಂಡು ತೆಗೆದು ಕೊಟ್ಟೆ. ಕತ್ತರಿಗೆ ಸಿಕ್ಕಿ ಅದರ ಮೇಲೆ 'ಫ್ಲಾಕ್ಸಾಸಿನ್' ಅಂತ ಮಾತ್ರ ಉಳಿದಿತ್ತು. ನಾರ್‌ಫ್ಲಾಕ್ಸಾಸಿನ್ನೋ, ಸಿಪ್ರೋಫ್ಲಾಕ್ಸಾಸಿನ್ನೋ, ಓಫ್ಲಾಕ್ಸಾಸಿನ್ನೋ? ನುಂಗಿದ ನನಗೇ ಗೊತ್ತಿಲ್ಲ. ಮೂತ್ರ ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ ಹೋಯಿತು, ಎರಡು ದಿನ ಕಾದರೂ ಏನೂ ಬೆಳೆಯಲಿಲ್ಲ. ಸೋಂಕು ಇರಲೇ ಇಲ್ಲವೋ, ಗುಳಿಗೆಯಿಂದ ಅಡಗಿತೋ, ಹೇಳುವ ಹಾಗಿಲ್ಲ ಅಂದರು. ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿದ್ದು 8 ಮಿ.ಮೀ. ಕಲ್ಲು. ಕಲ್ಲಿಗೆ ಆಂಟಿಬಯಾಟಿಕ್ ಏನು ಮಾಡೀತು?

ಅಂದರೆ ಮೊದಲ ಸಲ ರಕ್ತ ತಾನಾಗಿಯೇ ನಿಂತಿರಬೇಕು, ಹೆಸರು ಮಾತ್ರ ಗುಳಿಗೆಗೆ ಬಂತು. ಮೂತ್ರಕೋಶದ ಗಡ್ಡೆಯ ರಕ್ತವೂ ಹೀಗೇ, ಒಮ್ಮೆ ಬಂದು ತಿಂಗಳುಗಟ್ಟಲೆ ಸುಮ್ನೆ ಇರಬಹುದು. ನೋವಿಲ್ಲ ಅಂತ ನೀವು ಸಮಾಧಾನ ಮಾಡಿಕೊಂಡಿದ್ದೀರಿ. ನನಗೆ ಹೆದರಿಕೆ ಆಗಿದ್ದು ಅದೇ ಮಾತಿಗೆ. ನೋವಿಲ್ಲದ ರಕ್ತ, ಅದೂ ಈ ವಯಸ್ಸಿನಲ್ಲಿ, ಜೊತೆಗೆ ಬೀಡಿ-ಸಿಗರೇಟ್ ಇದ್ದರಂತೂ ಡಾಕ್ಟರ್ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಆಗುವವರೆಗೆ ಬಿಡುವುದಿಲ್ಲ. ಕಿಡ್ನಿಯ ಟಿಬಿಯಲ್ಲೂ ರಕ್ತ ಬರುತ್ತದೆ. ಸಿಪ್ರೋ ಅದನ್ನು ಅರ್ಧಂಬರ್ಧ ಅದುಮಿ, ಪತ್ತೆಯಾಗುವುದನ್ನೇ ತಡಮಾಡಬಹುದು.

ಸೋಂಕೇ ಆಗಿದ್ದರೂ, ಉರಿಮೂತ್ರ ತರುವ ಇ-ಕೋಲೈ ಬ್ಯಾಕ್ಟೀರಿಯಾ ನಮ್ಮ ದೇಶದಲ್ಲಿ ಈಗ ಸಿಪ್ರೋಗೆ ಬಗ್ಗುವುದು ಕಷ್ಟ. ಹೀಗೆ ನಾಲ್ಕು, ಆರು ನುಂಗಿ ಗುಳಿಗೆಗೆ ಬಗ್ಗದ ರೋಗಾಣುವನ್ನು ಬೆಳೆಸಿದವರಲ್ಲಿ ನಾನೂ ಒಬ್ಬ. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆ ಚೀಟಿ ಇಲ್ಲದೆ ಮುಟ್ಟಬೇಡಿ ಅಂತಲೇ ಇರುವುದು.

ಬೀಟ್‌ರೂಟ್ ತಿಂದಿದ್ದರೂ, ಟಿಬಿಗೆ ರಿಫಾಂಪಿಸಿನ್ ನುಂಗುತ್ತಿದ್ದರೂ ಬಣ್ಣ ಬದಲಾಗುತ್ತದೆ. ಸಾದಾ ಮೂತ್ರ ಪರೀಕ್ಷೆಯಲ್ಲಿ ತಿಳಿಯುತ್ತದೆ ಬಿಡಿ.

ನಾಳೆಯೇ ಹೋಗಿ. ಗುಳಿಗೆಗಿಂತ ಮೊದಲು ಮೂತ್ರ ಕೊಡಿ, ಶುರುವಿನದು ಬಿಟ್ಟು ನಡುವಿನದು. ರಕ್ತದ ಹೆಪ್ಪು ಬಿದ್ದರೆ, ಮೂತ್ರ ಕಟ್ಟಿದರೆ, ಚಳಿಜ್ವರ ಬಂದರೆ ನಾಳೆಗೂ ಕಾಯಬೇಡಿ. ಆ ಆರು ಗುಳಿಗೆಯನ್ನೂ ಜೇಬಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ನಿಮ್ಮ ಸ್ಟ್ರಿಪ್ಪಿನಲ್ಲಿ ಹೆಸರಾದರೂ ಪೂರ್ತಿ ಇದೆ, ಅಲ್ವಾ.