ಪುಸ್ತಕದ ಪಾಠ, ಶೆಡ್ಡಿನ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಉದ್ಯಮದ ಬಗ್ಗೆ ಹೆಸರಾದ ಪುಸ್ತಕಗಳನ್ನು ಓದಿ, ಅಲ್ಲಿನ ಮಾತನ್ನು ತಮ್ಮ ಕೆಲಸಕ್ಕೆ ಹೊಂದಿಸಲು ಹೊರಟವರ ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಾವು ಎಂಟು ಜನ ಹೆಣ್ಣುಮಕ್ಕಳು ಸೇರಿ ಜೋಳದ ಕಡಕ್ ರೊಟ್ಟಿ ಮಾಡುತ್ತೇವೆ. ಬೆಂಗಳೂರಿನ ಮನೆಗಳಿಗೆ ನೇರವಾಗಿ ಕಳಿಸಿ ಮಾರಬೇಕೆಂದಿದ್ದೇವೆ. ರೊಟ್ಟಿ ಮಷಿನ್ನಿಗೆ ಸಾಲವನ್ನೂ ಕೇಳಿದ್ದೇವೆ. ನನ್ನ ಮಗ ‘ದಿ ಲೀನ್ ಸ್ಟಾರ್ಟ್‌ಅಪ್’ ಓದಿಕೊಂಡು ಮೊದಲು ‘ಎಂವಿಪಿ’ (ಮಿನಿಮಮ್ ವಯಬಲ್ ಪ್ರಾಡಕ್ಟ್, ಅಂದರೆ ಕನಿಷ್ಠ ರೂಪದ ಮಾಲು) ಮಾಡೋಣ ಅನ್ನುತ್ತಿದ್ದಾನೆ. ಅರೆಬರೆ ಮಾಲು ಕಳಿಸಿ ಹೆಸರು ಕೆಡಿಸಿಕೊಳ್ಳುವುದು ಸರಿಯೇ?
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಮಗನ ಮಾತು ಕೇಳಿ. ಅರೆಬರೆ ಮಾಲು ಮಾತ್ರ ಕಳಿಸಬೇಡಿ. ಎರಿಕ್ ರೀಸ್ 2011ರ ಆ ಪುಸ್ತಕದಲ್ಲಿ ಹೇಳುವ ಎಂವಿಪಿ ಎಂದರೆ ಕಳಪೆ ಮಾಲಲ್ಲ. ನಿಮ್ಮ ಯೋಜನೆಯಲ್ಲಿ ಯಾವ ನಂಬಿಕೆ ಸುಳ್ಳಾದರೆ ಎಲ್ಲವೂ ಮುಳುಗುತ್ತದೋ, ಅದನ್ನು ಕಡಿಮೆ ಖರ್ಚಿನಲ್ಲಿ ಪರೀಕ್ಷಿಸುವ ಉಪಾಯ ಅದು. ಪುಸ್ತಕದಲ್ಲೇ ಝಾಪೋಸ್ ಎಂಬ ಅಮೆರಿಕದ ಕಂಪನಿಯ ಉದಾಹರಣೆ ಇದೆ. ಜನ ಕಾಲಿಗೆ ಹಾಕಿ ನೋಡದೆಯೇ ಆನ್‌ಲೈನಿನಲ್ಲಿ ಚಪ್ಪಲಿ, ಬೂಟು ಕೊಳ್ಳುತ್ತಾರೆಯೇ ಎಂಬುದು ಅದರ ಸ್ಥಾಪಕ ನಿಕ್ ಸ್ವಿನ್‌ಮರ್ನ್ ಅವರ ಪ್ರಶ್ನೆಯಾಗಿತ್ತು. ಅವರು ಗೋದಾಮು ಕಟ್ಟಲಿಲ್ಲ. ಹತ್ತಿರದ ಅಂಗಡಿಗಳ ಬೂಟುಗಳ ಫೋಟೊ ತೆಗೆದು ಹಾಕಿದರು, ಆರ್ಡರ್ ಬಂದಾಗ ಅಂಗಡಿಯ ಬೆಲೆಗೇ ಕೊಂಡು ಕಳಿಸಿದರು. ಗಿರಾಕಿಯ ಕೈಗೆ ಹೋದ ಬೂಟು ಚೆನ್ನಾಗಿಯೇ ಇತ್ತು. ಅರೆಬರೆಯಾಗಿದ್ದದ್ದು ಹಿಂದಿನ ವ್ಯವಸ್ಥೆ.

ರೊಟ್ಟಿ ಮಾಡಲು ನಿಮಗೆ ಬರುತ್ತದೆ, ಅದನ್ನು ಪರೀಕ್ಷಿಸುವ ಅಗತ್ಯವಿಲ್ಲ. ತಿಳಿಯದೆ ಇರುವುದು ಎರಡು: ರೊಟ್ಟಿ ಮುರಿಯದೆ ತಲುಪುತ್ತದೆಯೇ, ಒಮ್ಮೆ ಕೊಂಡವರು ಹೇಳಿಸಿಕೊಳ್ಳದೆ ಮತ್ತೆ ಕೊಳ್ಳುತ್ತಾರೆಯೇ. ಈ ಎರಡಕ್ಕೂ ಮಷಿನ್ ಉತ್ತರ ಕೊಡುವುದಿಲ್ಲ. ಕೈಯಿಂದ ತಟ್ಟಿದ ರೊಟ್ಟಿಯನ್ನೇ ವಾರಕ್ಕೆ 40 ಪ್ಯಾಕೆಟ್‌ನಂತೆ, ಪ್ಯಾಕೆಟ್ಟಿಗೆ ಹತ್ತು ಹಾಕಿ, ನಾಲ್ಕು ವಾರ ಕಳಿಸಿ. ಕೊರಿಯರ್ ಖರ್ಚು ಸೇರಿಸಿ ಪೂರ್ತಿ ಬೆಲೆಯನ್ನು ಮುಂಚೆಯೇ ತೆಗೆದುಕೊಳ್ಳಿ. ನೆಂಟರಿಷ್ಟರನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ, ಅವರು ನಿಮ್ಮ ಮುಖ ನೋಡಿ ಕೊಳ್ಳುತ್ತಾರೆ. ಅರ್ಧ ಪ್ಯಾಕೆಟ್‌ಗಳನ್ನು ಬರಿಯ ಕವರಿನಲ್ಲಿ ಕಳಿಸಿ. ಉಳಿದರ್ಧಕ್ಕೆ ಮೇಲೆ ಕೆಳಗೆ ರಟ್ಟಿನ ಬಿಲ್ಲೆ ಇಟ್ಟು, ಒಳಗೆ ಅಲುಗಾಡಲು ಜಾಗವಿಲ್ಲದ ಡಬ್ಬಿಯಲ್ಲಿ ಹಾಕಿ ಕಳಿಸಿ. ಬಿಚ್ಚಿದ ಕೂಡಲೇ ಫೋಟೊ ಕಳಿಸಲು ಗಿರಾಕಿಗೆ ಹೇಳಿ, ಮುರಿದವನ್ನು ಎಣಿಸಿ ಬರೆದಿಡಿ. ಪೂರ್ತಿ ಒಣಗದೆ ಬಾಗುವ ರೊಟ್ಟಿಯನ್ನಾಗಲಿ, ಬಿಸಿ ಆರದ ರೊಟ್ಟಿಯನ್ನಾಗಲಿ ಸೀಲ್ ಮಾಡಿದರೆ ಕವರಿನೊಳಗೆ ನೀರಾಡಿ ಬೂಷ್ಟು ಹಿಡಿಯುತ್ತದೆ. ಹೆಸರು ಕೆಡುವುದು ಅಲ್ಲಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ, ಲೇಬಲ್ಲಿನ ಮೇಲೆ ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ ಮೊದಲ ಪ್ಯಾಕೆಟ್ಟಿನಿಂದಲೇ ಇರಬೇಕು.

“ನಮ್ಮ ರೊಟ್ಟಿ ಕೊಳ್ತೀರಾ?” ಎಂದು ಯಾರನ್ನೂ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. ಹೋದ ತಿಂಗಳು ರೊಟ್ಟಿ ಎಲ್ಲಿಂದ ತಂದಿರಿ, ಎಷ್ಟು ಕೊಟ್ಟಿರಿ, ಅದರಲ್ಲಿ ಏನು ಹಿಡಿಸಲಿಲ್ಲ ಎಂದು ಕೇಳಿ. ರಾಬ್ ಫಿಟ್ಸ್‌ಪ್ಯಾಟ್ರಿಕ್ ಅವರ ‘ದಿ ಮಾಮ್ ಟೆಸ್ಟ್’ ಪುಸ್ತಕದ ಸಾರವೂ ಇದೇ: ಜನರ ನಿನ್ನೆಯ ನಡತೆಯನ್ನು ನಂಬಿ, ನಾಳೆಯ ಭರವಸೆಯನ್ನು ನಂಬಬೇಡಿ. ಶುರು ಮಾಡುವ ಮುನ್ನವೇ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ: ಮೊದಲ ವಾರದ 40 ಜನರಲ್ಲಿ 30 ದಿನದೊಳಗೆ 15 ಜನ ತಾವಾಗಿ ಮತ್ತೆ ಕೇಳಿದರೆ ಮಷಿನ್ ಮಾತು, ಇಲ್ಲದಿದ್ದರೆ ಇಲ್ಲ. ಹದಿನೈದೇ ಆಗಬೇಕೆಂದಿಲ್ಲ, ಆದರೆ ಸಂಖ್ಯೆಯನ್ನು ಮೊದಲೇ ಬರೆಯಬೇಕು. ಆಮೇಲೆ ಬರೆಯಲು ಕೂತರೆ ಬಂದ ಸಂಖ್ಯೆಯೇ ಸಾಕೆನಿಸಿಬಿಡುತ್ತದೆ.

ಪ್ರಶ್ನೆ: ಪೀಣ್ಯದಲ್ಲಿ ಶಾಫ್ಟ್ ತಯಾರಿಸುವ ಸಣ್ಣ ಯುನಿಟ್ ನಮ್ಮದು. ಮೂರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್, ಒಂದು ಮಿಲ್ಲಿಂಗ್, ಕೊನೆಯಲ್ಲಿ ಶಾಫ್ಟನ್ನು ಅಳತೆಗೆ ಉಜ್ಜುವ ಒಂದು ಸಿಲಿಂಡ್ರಿಕಲ್ ಗ್ರೈಂಡರ್ ಇವೆ. ಡೆಲಿವರಿ ಯಾವಾಗಲೂ ತಡ. ನಾಲ್ಕನೇ ಸಿಎನ್‌ಸಿ ತರೋಣವೆಂದರೆ ‘ದಿ ಗೋಲ್’ ಓದಿದ ಗೆಳೆಯರು ಬೇಡ ಎನ್ನುತ್ತಾರೆ. ಯಾರ ಮಾತು ಸರಿ?
– ಓದುಗರು, ಬೆಂಗಳೂರು

ಉತ್ತರ: ತೀರ್ಮಾನಕ್ಕೆ ಬರುವ ಮುಂಚೆ ಶೆಡ್ಡಿನಲ್ಲಿ ಒಮ್ಮೆ ಓಡಾಡಿ, ಯಾವ ಮಷಿನ್ನಿನ ಮುಂದೆ ಟ್ರೇಗಳು ಸಾಲುಗಟ್ಟಿವೆ ನೋಡಿ. ಮೂರು ಲೇತ್‌ಗಳ ಮಾಲು ಒಂದೇ ಗ್ರೈಂಡರಿಗೆ ಬರುವುದರಿಂದ ಅದು ಗ್ರೈಂಡರ್ ಆಗಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಗೆಳೆಯರ ಮಾತು ಸರಿ. ನಾಲ್ಕನೇ ಸಿಎನ್‌ಸಿ ಬಂದರೆ ಆ ಸಾಲು ಇನ್ನಷ್ಟು ಉದ್ದವಾಗುತ್ತದೆ, ಡಿಸ್ಪ್ಯಾಚ್ ಒಂದು ಪೀಸೂ ಹೆಚ್ಚುವುದಿಲ್ಲ.

ಎಲಿಯಾಹು ಗೋಲ್ಡ್‌ರಾಟ್ 1984ರಲ್ಲಿ ಇದನ್ನು ‘ದಿ ಗೋಲ್’ ಎಂಬ ಕಾದಂಬರಿಯಾಗಿ ಬರೆದರು. ಕಥಾನಾಯಕ, ಕಾರ್ಖಾನೆಯ ಮ್ಯಾನೇಜರ್ ಅಲೆಕ್ಸ್ ರೋಗೊ, ಸ್ಕೌಟ್ ಹುಡುಗರನ್ನು ಕಾಡಿನ ನಡಿಗೆಗೆ ಕರೆದೊಯ್ಯುತ್ತಾನೆ. ಹರ್ಬಿ ಎಂಬ ಹುಡುಗನದು ನಿಧಾನ ನಡಿಗೆ. ಮುಂದಿನವರು ಎಷ್ಟೇ ಬೇಗ ನಡೆದರೂ ಇಡೀ ತಂಡ ಊರು ಸೇರುವುದು ಹರ್ಬಿ ಸೇರಿದಾಗಲೇ. ಕೊನೆಗೆ ಅವನನ್ನೇ ಮುಂದೆ ಬಿಟ್ಟು, ಅವನ ಚೀಲದ ಭಾರವನ್ನು ಉಳಿದವರಿಗೆ ಹಂಚುತ್ತಾರೆ. ಉದ್ಯಮದ ಪುಸ್ತಕಗಳಲ್ಲಿ ಇಷ್ಟು ನೇರವಾಗಿ ಸಣ್ಣ ಕಾರ್ಖಾನೆಗೆ ಒದಗುವ ಪಾಠ ಬೇರೆಲ್ಲೂ ಸುಲಭಕ್ಕೆ ಸಿಗದು, ಆದ್ದರಿಂದ ಲೆಕ್ಕ ಹಾಕಿಯೇ ತೋರಿಸುತ್ತೇವೆ.

ಗ್ರೈಂಡಿಂಗ್ ಒಂದು ಪೀಸಿಗೆ 4 ನಿಮಿಷ ಎಂದಿಟ್ಟುಕೊಳ್ಳಿ. ಎಂಟು ಗಂಟೆಯ ಶಿಫ್ಟಿನಲ್ಲಿ 480 ನಿಮಿಷ, ಅಂದರೆ 120 ಪೀಸ್ ಬರಬೇಕು. ಊಟ, ಟೀಗೆ ಮಷಿನ್ ನಿಲ್ಲುವುದು 45 ನಿಮಿಷ. ದಿನಕ್ಕೆ ಎರಡು ಸೆಟ್ಟಿಂಗ್ (ಬೇರೆ ಜಾಬ್‌ಗೆ ಮಷಿನ್ ಹೊಂದಿಸುವುದು) ಬದಲಾದರೆ ತಲಾ 35ರಂತೆ 70. ಗೇಜ್ ಹುಡುಕುವುದು, ಡ್ರಾಯಿಂಗ್ ಕೇಳುವುದು, ಸೂಪರ್‌ವೈಸರಿಗೆ ಕಾಯುವುದು 25. ಉಳಿದದ್ದು 340 ನಿಮಿಷ, 85 ಪೀಸ್. ಅದರಲ್ಲಿ ಎಂಟು ಪೀಸ್ ಲೇತ್‌ನಲ್ಲೇ ಅಳತೆ ತಪ್ಪಿ ಬಂದಿದ್ದವು, ಗ್ರೈಂಡಿಂಗ್ ಆದ ಮೇಲೆ ಗೊತ್ತಾಯಿತು. ಕೈಗೆ ಬಂದದ್ದು 77.

ಈಗ ದುಡ್ಡು ಹಾಕದೆ ಮಾಡಬಹುದಾದದ್ದನ್ನು ನೋಡಿ. ಊಟದ ಹೊತ್ತಿನಲ್ಲಿ ಇನ್ನೊಬ್ಬ ಆಪರೇಟರ್ ಗ್ರೈಂಡರ್ ಮೇಲೆ ನಿಲ್ಲಲಿ, 45 ನಿಮಿಷ ಉಳಿಯಿತು. ಒಂದೇ ಸೈಜಿನ ಜಾಬ್‌ಗಳನ್ನು ಒಟ್ಟು ಮಾಡಿ ದಿನಕ್ಕೆ ಒಂದೇ ಸೆಟ್ಟಿಂಗ್ ಮಾಡಿ, 35 ಉಳಿಯಿತು. ಅಲ್ಲಿಗೆ 420 ನಿಮಿಷ, 105 ಪೀಸ್. ಇನ್‌ಸ್ಪೆಕ್ಷನ್ ಅನ್ನು ಗ್ರೈಂಡಿಂಗ್‌ಗೂ ಮುಂಚೆ ತನ್ನಿ, ಲೇತ್‌ನಲ್ಲಿ ಕೆಟ್ಟ ಪೀಸ್ ಗ್ರೈಂಡರ್ ಹತ್ತುವುದೇ ಇಲ್ಲ. ದಿನಕ್ಕೆ 77 ಇದ್ದದ್ದು 105 ಆಯಿತು, ಹೊಸ ಮಷಿನ್ ಇಲ್ಲದೆ. ಇದರ ನಂತರವೂ ಸಾಲದಿದ್ದರೆ ಹೊರಗೆ ಜಾಬ್ ವರ್ಕಿಗೆ ಕೊಡಿ ಅಥವಾ ಎರಡನೇ ಗ್ರೈಂಡರ್ ತನ್ನಿ, ಸಿಎನ್‌ಸಿ ಅಲ್ಲ.

ಎಡವುವುದು ಸಾಮಾನ್ಯವಾಗಿ ಇನ್ನೊಂದು ಕಡೆ. ಸಿಎನ್‌ಸಿಗೆ ಇಎಂಐ ಕಟ್ಟುತ್ತಿದ್ದೇವೆ, ಅದು ಖಾಲಿ ನಿಲ್ಲಬಾರದು ಎಂದು ಮಾಲೀಕರು ಲೇತ್‌ಗಳನ್ನು ಓಡಿಸುತ್ತಲೇ ಇರುತ್ತಾರೆ. ಗ್ರೈಂಡರ್ 105 ನುಂಗುವಾಗ ಲೇತ್‌ಗಳು 200 ಉಗುಳಿದರೆ, ದಿನಕ್ಕೆ 95 ಪೀಸಿನ ಸ್ಟೀಲ್ ಮತ್ತು ಕೂಲಿ ಟ್ರೇಯಲ್ಲಿ ತುಕ್ಕು ಹಿಡಿಯುತ್ತದೆ. ತುರ್ತಿನ ಜಾಬ್ ಆ ರಾಶಿಯ ಅಡಿಯಲ್ಲಿ ಸಿಕ್ಕಿಕೊಂಡು ಡೆಲಿವರಿ ಮತ್ತೆ ತಡವಾಗುತ್ತದೆ. ಸ್ಟೀಲ್ ಬಾರ್ ಕತ್ತರಿಸಲು ಕೊಡುವುದೇ ಗ್ರೈಂಡರಿನ ವೇಗಕ್ಕೆ ತಕ್ಕಂತೆ ಇರಲಿ. ಲೇತ್ ಖಾಲಿ ನಿಂತಾಗ ಸಂಕಟ ಪಡಬೇಡಿ, ಅದರ ಮೇಲಿನ ಹುಡುಗನನ್ನು ಡೀಬರಿಂಗ್‌ಗೋ (ಅಂಚಿನ ಚೂಪು ತೆಗೆಯುವುದು) ಇನ್‌ಸ್ಪೆಕ್ಷನ್‌ಗೋ ಹಾಕಿ. ಮೂರು ತಿಂಗಳಿಗೊಮ್ಮೆ ಮತ್ತೆ ಟ್ರೇಗಳನ್ನು ನೋಡಿ. ಗ್ರೈಂಡರ್ ಸರಿಹೋದ ಮೇಲೆ ಅಡಚಣೆ ಮಿಲ್ಲಿಂಗ್‌ಗೋ, ಹೊರಗಿನ ಹೀಟ್ ಟ್ರೀಟ್‌ಮೆಂಟ್‌ಗೋ ಹೋಗಿರುತ್ತದೆ.

ಪ್ರಶ್ನೆ: ‘ಗುಡ್ ಟು ಗ್ರೇಟ್’ ಹೊಗಳಿದ ಕಂಪನಿಗಳೇ ಮುಳುಗಿದವಂತೆ. ಹಾಗಾದರೆ ಅದನ್ನು ಓದಿ ಏನು ಪ್ರಯೋಜನ?
– ಎಂಬಿಎ ವಿದ್ಯಾರ್ಥಿ, ಮೈಸೂರು

ಉತ್ತರ: ಜಿಮ್ ಕಾಲಿನ್ಸ್ 2001ರ ಆ ಪುಸ್ತಕದಲ್ಲಿ ಸಾಧಾರಣ ಮಟ್ಟದಿಂದ ಮೇಲೇರಿದವೆಂದು 11 ಕಂಪನಿಗಳನ್ನು ಆರಿಸಿದ್ದರು. ಅವುಗಳಲ್ಲಿ ಮನೆ ಸಾಲದ ಕಂಪನಿ ಫ್ಯಾನಿ ಮೇ 2008ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರದ ಹಿಡಿತಕ್ಕೆ ಹೋಯಿತು, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸರ್ಕಿಟ್ ಸಿಟಿ ಅದೇ ವರ್ಷದ ನವೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಕಾಲಿನ್ಸ್ ಬರಿಯ ಗೆದ್ದವರನ್ನು ನೋಡಲಿಲ್ಲ, ಅದೇ ಕಾಲದ ಅದೇ ಉದ್ಯಮದ ಇತರ ಕಂಪನಿಗಳ ಜೊತೆ ಹೋಲಿಸಿದ್ದರು ಎಂಬುದನ್ನೂ ಹೇಳಬೇಕು. ಆದರೂ ಆಯ್ಕೆ ನಡೆದದ್ದು ಷೇರಿನ ಗಳಿಕೆ ತಿಳಿದ ಮೇಲೆ. ಗೆದ್ದವರನ್ನು ಮೊದಲೇ ಗುರುತಿಸಿ, ಗೆಲ್ಲಲು ಕಾರಣವೇನೆಂದು ಪತ್ರಿಕೆಗಳಲ್ಲಿ, ಸಂದರ್ಶನಗಳಲ್ಲಿ ಹುಡುಕಿದರೆ ಹೊಗಳಿಕೆಯೇ ಸಿಗುತ್ತದೆ. ಲಾಭ ಬರುವಾಗ ‘ದಿಟ್ಟ’ ಎನಿಸಿಕೊಂಡ ಅದೇ ಮುಖ್ಯಸ್ಥ ನಷ್ಟವಾದಾಗ ‘ಹಟಮಾರಿ’ಯಾಗುತ್ತಾನೆ. ಫಿಲ್ ರೋಸೆನ್‌ಜ್ವೈಗ್ 2007ರ ‘ದಿ ಹೇಲೋ ಎಫೆಕ್ಟ್’ನಲ್ಲಿ ತೋರಿಸಿದ್ದು ಈ ದೋಷವನ್ನೇ. ಎರಡನ್ನೂ ಒಟ್ಟಿಗೆ ಓದಿ. ಪ್ರತಿ ಅಧ್ಯಾಯದ ಕೊನೆಗೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಸೋತ ಕಂಪನಿಗಳೂ ಇದನ್ನೇ ಮಾಡಿದ್ದವೇ? ಉತ್ತರ ಪುಸ್ತಕದಲ್ಲಿ ಇಲ್ಲದಿದ್ದರೆ ಆ ಅಧ್ಯಾಯವನ್ನು ಸಲಹೆಯೆಂದು ಓದಿ, ಸಾಕ್ಷಿಯೆಂದು ಓದಬೇಡಿ.

ಪ್ರಶ್ನೆ: ನಾನು 20 ವರ್ಷದಿಂದ ಮೋಟಾರ್ ರಿವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ) ಅಂಗಡಿ ಇಟ್ಟಿದ್ದೇನೆ. ಏಳು ಜನ ಹುಡುಗರಿದ್ದಾರೆ. ಒಂದು ದಿನ ಊರಿಗೆ ಹೋದರೂ ಎರಡು ಮೋಟಾರ್ ವಾಪಸ್ ಬರುತ್ತವೆ. ‘ಉದ್ಯಮದೊಳಗೆ ದುಡಿಯಬೇಡಿ, ಉದ್ಯಮದ ಮೇಲೆ ದುಡಿಯಿರಿ’ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಅದನ್ನು ಹೇಗೆ ಮಾಡುವುದು?
– ಓದುಗರು, ಹುಬ್ಬಳ್ಳಿ

ಉತ್ತರ: ಆ ಮಾತು ಮೈಕೆಲ್ ಗರ್ಬರ್ ಅವರ ‘ದಿ ಇ-ಮಿತ್’ ಪುಸ್ತಕದ್ದು. ಕೆಲಸ ಬಲ್ಲವನಿಗೆ ಆ ಕೆಲಸದ ಅಂಗಡಿ ನಡೆಸುವುದೂ ತಾನಾಗಿ ಬರುತ್ತದೆ ಎಂಬ ನಂಬಿಕೆಯೇ ಸಣ್ಣ ಉದ್ಯಮಗಳನ್ನು ಕೆಡಿಸುತ್ತದೆ ಎನ್ನುತ್ತಾರೆ ಅವರು. ನಿಮ್ಮ ತಲೆಯಲ್ಲಿರುವುದು ಗೋಡೆಯ ಮೇಲೆ ಬರಬೇಕು, ಮಾಡಬೇಕಾದದ್ದು ಅಷ್ಟೇ. ಮೋಟಾರ್ ವಾಪಸ್ ಬರುವುದು ಬಹುತೇಕ ಎರಡು ಘಟ್ಟಗಳಲ್ಲಿ ಆದ ತಪ್ಪಿನಿಂದ, ಅಲ್ಲಿಂದ ಶುರು ಮಾಡಿ.

ಮೊದಲನೆಯದು ಹಳೆಯ ಕಾಯಿಲ್ ಕೀಳುವ ಮುನ್ನ. ಪ್ರತಿ ಮೋಟಾರಿಗೂ ಒಂದು ಕಾರ್ಡ್ ಇರಲಿ: ಎಚ್‌ಪಿ, ಸ್ಲಾಟ್‌ಗಳ ಸಂಖ್ಯೆ, ಕಾಯಿಲ್ ಪಿಚ್, ಸುತ್ತುಗಳ ಎಣಿಕೆ, ಮೈಕ್ರೋಮೀಟರಿನಲ್ಲಿ ಅಳೆದ ತಂತಿಯ ಗೇಜ್, ಕನೆಕ್ಷನ್ ಸ್ಟಾರೋ ಡೆಲ್ಟಾವೋ. ಕಾರ್ಡ್ ತುಂಬದೆ ತಂತಿ ಕತ್ತರಿಸುವಂತಿಲ್ಲ. ಎರಡನೆಯದು ಗಿರಾಕಿಗೆ ಕೊಡುವ ಮುನ್ನ. ವಾರ್ನಿಷ್ ಪೂರ್ತಿ ಒಣಗಿದ ಮೇಲೆ ಮೆಗ್ಗರ್ ಹಿಡಿದು ಇನ್ಸುಲೇಷನ್ ನೋಡಬೇಕು. ಲೋಡ್ ಇಲ್ಲದೆ ಓಡಿಸಿ ಮೂರೂ ಫೇಸ್‌ನ ಆಂಪ್ಸ್ ಬರೆಯಬೇಕು. ಸಪ್ಲೈ ಸರಿ ಇದ್ದೂ ಒಂದು ಫೇಸ್ ಉಳಿದೆರಡಕ್ಕಿಂತ ಎದ್ದು ಕಾಣುವಷ್ಟು ಬೇರೆಯಿದ್ದರೆ ಸುತ್ತು ತಪ್ಪಿದೆ ಅಥವಾ ಕನೆಕ್ಷನ್ ತಪ್ಪಿದೆ, ಮೋಟಾರ್ ಹೊರಗೆ ಹೋಗಬಾರದು. ಕಾರ್ಡಿನ ಕೆಳಗೆ ಪರೀಕ್ಷಿಸಿದವನ ಸಹಿ ಇರಬೇಕು, ಆ ಮೋಟಾರ್ ಸುತ್ತಿದವನದ್ದಲ್ಲ.

ಏಳೂ ಜನರಿಗೆ ಒಂದೇ ಬಗೆಯ ಉಸ್ತುವಾರಿ ಬೇಡ. ಇಂಟೆಲ್‌ನ ಮುಖ್ಯಸ್ಥರಾಗಿದ್ದ ಆ್ಯಂಡಿ ಗ್ರೋವ್ 1983ರ ‘ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್’ನಲ್ಲಿ ಹೇಳುವಂತೆ, ನೋಡಬೇಕಾದದ್ದು ಆ ನಿರ್ದಿಷ್ಟ ಕೆಲಸದಲ್ಲಿ ಆಳಿಗಿರುವ ಅನುಭವವನ್ನು. ಮೋನೋಬ್ಲಾಕ್ ಪಂಪಿನಲ್ಲಿ ಪಳಗಿದ ಹುಡುಗನಿಗೆ ಇಷ್ಟು ಗಂಟೆಗೆ ಬೇಕು ಎಂದರೆ ಸಾಕು. ಅವನಿಗೇ ಮೊದಲ ಬಾರಿ ಸಬ್‌ಮರ್ಸಿಬಲ್ ಕೊಟ್ಟಾಗ ಪ್ರತಿ ಹೆಜ್ಜೆಯನ್ನೂ ಪಕ್ಕದಲ್ಲಿ ನಿಂತು ತೋರಿಸಬೇಕು. ಹಳಬ, ಅವನಿಗೆ ಗೊತ್ತಿರುತ್ತದೆ ಎಂದು ಬಿಟ್ಟ ಕಡೆಯೇ ಕಾಯಿಲ್ ಸುಡುವುದು. ಆರು ವಾರ ಕಾರ್ಡ್ ನಡೆಸಿದ ಮೇಲೆ ಎರಡು ದಿನ ಊರಿಗೆ ಹೋಗಿ ಬನ್ನಿ. ವಾಪಸ್ ಬಂದ ಮೋಟಾರಿನ ಕಾರ್ಡ್ ತೆಗೆದು ನೋಡಿದರೆ ಯಾವ ಸಾಲು ಖಾಲಿ ಬಿಟ್ಟಿದ್ದಾರೆಂದು ಗೊತ್ತಾಗುತ್ತದೆ.

ಪ್ರಶ್ನೆ: ಆರ್ಡರ್ ಹೆಚ್ಚುತ್ತಿದೆ, ಲೆಕ್ಕದಲ್ಲಿ ಲಾಭವಿದೆ, ಸಂಬಳಕ್ಕೆ ದುಡ್ಡಿಲ್ಲ. ಬೆಳೆಯಿರಿ ಎನ್ನುವ ಪುಸ್ತಕಗಳು ಈ ಬಗ್ಗೆ ಏನನ್ನೂ ಹೇಳುವುದಿಲ್ಲವಲ್ಲ?
– ಓದುಗರು, ತುಮಕೂರು

ಉತ್ತರ: ಬಹಳ ಪುಸ್ತಕಗಳು ಹೂಡಿಕೆದಾರರ ಹಣ ಇರುವ ಕಂಪನಿಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ನಿಮಗೆ ಬೇಕಾದ ಲೆಕ್ಕ ಇದು. ಮಾಲು ತಯಾರಾಗಲು 20 ದಿನ, ಗಿರಾಕಿ ದುಡ್ಡು ಕೊಡಲು 75 ದಿನ, ನೀವು ಕಚ್ಚಾ ಮಾಲಿನವರಿಗೆ ಕೊಡುವುದು 15 ದಿನಕ್ಕೆ. 20ಕ್ಕೆ 75 ಕೂಡಿಸಿ 15 ಕಳೆದರೆ 80 ದಿನ ನಿಮ್ಮ ಕೈಯಿಂದ ನಡೆಯಬೇಕು. ತಿಂಗಳ ಖರ್ಚು 5 ಲಕ್ಷವಿದ್ದರೆ ಸ್ಥೂಲವಾಗಿ 13.3 ಲಕ್ಷ ಸದಾ ಸಿಕ್ಕಿಕೊಂಡಿರುತ್ತದೆ. ಆರ್ಡರ್ ಒಂದೂವರೆ ಪಟ್ಟಾಗಿ ಖರ್ಚು 7.5 ಲಕ್ಷವಾದರೆ ಅದು 20 ಲಕ್ಷ. ಹೆಚ್ಚಿನ 6.7 ಲಕ್ಷ ಎಲ್ಲಿಂದ ಬರುತ್ತದೆಂದು ಆರ್ಡರ್ ಒಪ್ಪುವ ಮುನ್ನ ಬರೆದುಕೊಳ್ಳಿ.

75 ದಿನವನ್ನು ಇಳಿಸಲು ಕಾನೂನಿನ ಬಲವೂ ಇದೆ. ನೀವು ತಯಾರಿಕೆ ಅಥವಾ ಸೇವೆಯ ಅತಿ ಸಣ್ಣ ಇಲ್ಲವೇ ಸಣ್ಣ ಉದ್ಯಮವಾಗಿದ್ದು ಉದ್ಯಮ್ ನೋಂದಣಿ ಮಾಡಿಸಿದ್ದರೆ, ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಖರೀದಿದಾರರು ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023–24ರಿಂದ ಆದಾಯ ತೆರಿಗೆಯಲ್ಲೂ ಗಡುವು ಮೀರಿದ ಬಾಕಿಯನ್ನು ಖರೀದಿದಾರರು ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಹಾಗಾಗಿ ಮಾರ್ಚ್ ಬರುವ ಮುಂಚೆ ಅವರ ಅಕೌಂಟ್ಸ್ ವಿಭಾಗವೇ ನಿಮ್ಮ ಬಾಕಿಯ ಕಡೆ ಗಮನ ಕೊಡುತ್ತದೆ. ನೋಂದಣಿ ಸರ್ಕಾರದ ಪೋರ್ಟಲ್ಲಿನಲ್ಲಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ. ಉದ್ಯಮ್ ಸಂಖ್ಯೆಯನ್ನೂ ಪಾವತಿಯ ಗಡುವಿನ ದಿನಾಂಕವನ್ನೂ ಪ್ರತಿ ಇನ್‌ವಾಯ್ಸಿನ ಮೇಲೆ ಅಚ್ಚು ಹಾಕಿಸಿ. ಮಾಲು ತಲುಪಿದ ದಿನವೇ ಡೆಲಿವರಿ ಚಲನ್ನಿಗೆ ದಿನಾಂಕದೊಂದಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ತಕರಾರು ಬಂದಾಗ ಗಡುವು ಯಾವತ್ತಿನಿಂದ ಎಣಿಸಬೇಕೆಂಬುದಕ್ಕೆ ನಿಮ್ಮ ಬಳಿ ಇರುವ ದಾಖಲೆ ಅದೊಂದೇ.